ಎಲ್ಲ ಕೆಲಸವನ್ನೂ ಮಾಡುತ್ತಿರಲೇ, ಒಂದನ್ನೇ ಆರಿಸಿಕೊಳ್ಳಲೇ?

ಪ್ರಶ್ನೆ: ನಾನು ಬಿ.ಕಾಂ. ಪದವೀಧರೆ. ಶಿವಮೊಗ್ಗದ ಆಡಿಟರ್ ಕಚೇರಿಯೊಂದರಲ್ಲಿ ಆರು ವರ್ಷ ಟ್ಯಾಲಿ ಕೆಲಸ ಮಾಡಿದ್ದೆ. ಮಗಳು ಹುಟ್ಟಿದ ಮೇಲೆ ಬಿಟ್ಟೆ. ಮೂರು ವರ್ಷಗಳಿಂದ ಮನೆಯಲ್ಲೇ ಕುಳಿತು ಫ್ರೀಲಾನ್ಸ್ ವರ್ಚುವಲ್ ಅಸಿಸ್ಟೆಂಟ್ ಆಗಿ, ಅಂದರೆ ದೂರದವರ ಕಚೇರಿ ಕೆಲಸವನ್ನು ಆನ್‌ಲೈನ್‌ನಲ್ಲಿ ಮಾಡಿಕೊಡುವವಳಾಗಿ ದುಡಿಯುತ್ತಿದ್ದೇನೆ. ಟೆಕ್ಸಾಸ್‌ನ ಒಬ್ಬರ ಇಮೇಲ್ ಮತ್ತು ಅಪಾಯಿಂಟ್‌ಮೆಂಟ್, ನ್ಯೂಜೆರ್ಸಿಯ ಮನೆ ಮಾರಾಟದ ಏಜೆಂಟರೊಬ್ಬರ ಇನ್‌ಸ್ಟಾಗ್ರಾಂ ಪೋಸ್ಟ್, ಮುಂಬೈನ ಮಕ್ಕಳ ಬಟ್ಟೆ ವ್ಯಾಪಾರಿಯ ಆನ್‌ಲೈನ್ ಪಟ್ಟಿ, ಮೆಲ್ಬರ್ನ್‌ನ ಬುಕ್‌ಕೀಪರ್ (ಬೇರೆಯವರ ವ್ಯಾಪಾರದ ಲೆಕ್ಕ ಬರೆದಿಡುವವರು) ಒಬ್ಬರಿಗೆ ವಾರಕ್ಕೆ ಆರು ಗಂಟೆ ರಸೀದಿ ನಮೂದು, ಹೀಗೆ ನಾಲ್ಕು ಕಡೆ ಕೆಲಸ. ಮೆಲ್ಬರ್ನ್‌ನವರು ನಾನು ಕೇಳದೆಯೇ ಎರಡು ಬಾರಿ ದರ ಏರಿಸಿದ್ದಾರೆ. ಯಾವುದಾದರೂ ಒಂದರಲ್ಲಿ ಪರಿಣತಿ ಸಾಧಿಸು ಎಂದು ಗೆಳತಿಯರು ಹೇಳುತ್ತಾರೆ. ಇರುವುದನ್ನು ಕಳೆದುಕೊಳ್ಳಬೇಡ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಕೇಳದೆಯೇ ಎರಡು ಬಾರಿ ದರ ಏರಿಸಿದ್ದಾರೆ ಎಂದು ನೀವು ನಡುವೆ ಬರೆದು ಮುಂದೆ ಹೋಗಿರುವ ಆ ಒಂದು ಸಾಲಿನಲ್ಲೇ ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರದ ಬಹುಪಾಲು ಇದೆ ಎಂದು ನನಗೆ ಅನ್ನಿಸುತ್ತದೆ. ದೂರದೂರಿನ ಕ್ಲೈಂಟ್ ಒಬ್ಬರು ತಾವಾಗಿಯೇ ದರ ಏರಿಸುವುದು, ನೀವು ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬರನ್ನು ಹುಡುಕುವುದು ಕಷ್ಟವೆಂದು ಅವರಿಗೆ ಗೊತ್ತಿರುವಾಗ ಮಾತ್ರ.

ಮೆಲ್ಬರ್ನ್‌ನವರಿಗೆ ನೀವು ಮಾಡುತ್ತಿರುವುದು ಬರೀ ನಮೂದಲ್ಲ. ಆ ಬುಕ್‌ಕೀಪರ್ ಲೆಕ್ಕ ನೋಡಿಕೊಳ್ಳುವ ಪ್ಲಂಬರ್ ಒಬ್ಬ ವ್ಯಾನಿನಲ್ಲೇ ಕುಳಿತು ಪೆಟ್ರೋಲ್ ಬಂಕಿನ ರಸೀದಿಯ ಫೋಟೊ ಕಳಿಸುತ್ತಾನೆ ಎನ್ನೋಣ: ಒಟ್ಟು 115 ಡಾಲರ್ 50 ಸೆಂಟ್. ಆಸ್ಟ್ರೇಲಿಯಾದಲ್ಲಿ ಜಿಎಸ್‌ಟಿ ಶೇ. 10 ಆದ್ದರಿಂದ, ತೆರಿಗೆ ಸೇರಿದ ಮೊತ್ತದ ಹನ್ನೊಂದರಲ್ಲಿ ಒಂದು ಪಾಲು ತೆರಿಗೆ. ಅವಸರದವರು 10 ಡಾಲರ್ 50 ಸೆಂಟ್ ಎಂದು ಬರೆದು ಮುಗಿಸುತ್ತಾರೆ. ಆದರೆ ರಸೀದಿಯ ಕೆಳಗಿನ ಮಾಸಿದ ಸಾಲಿನಲ್ಲಿ ಐದೂವರೆ ಡಾಲರಿನ ಹಾಲು ಇದೆ. ಹಾಲಿಗೆ ಅಲ್ಲಿ ಜಿಎಸ್‌ಟಿ ಇಲ್ಲ, ಮೇಲಾಗಿ ಅದು ಮನೆಗೆ ಒಯ್ದದ್ದು, ದಂಧೆಯ ಖರ್ಚಲ್ಲ. ತೆರಿಗೆ 110 ಡಾಲರ್ ಡೀಸೆಲ್ಲಿನ ಮೇಲಷ್ಟೇ, ಅಂದರೆ ಸರಿಯಾಗಿ 10 ಡಾಲರ್. ರಸೀದಿ ಓದುವ ತಂತ್ರಾಂಶಗಳು ಈಗಾಗಲೇ ಬಂದಿವೆ, ಟೈಪು ಮಾಡುವ ಗಂಟೆಗಳು ಇನ್ನೂ ಕಡಿಮೆಯಾಗುತ್ತವೆ ಎಂಬುದನ್ನು ನಿಮ್ಮಿಂದ ಮುಚ್ಚಿಡಲಾರೆ; ಆದರೆ ಆ ಹಾಲನ್ನು ಬೇರೆ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್‌ನೊಂದಿಗೆ ತಾಳೆ ನೋಡಿ, ಅನುಮಾನವಿದ್ದರೆ ಕೇಳುವ ಅಭ್ಯಾಸ ನಿಮಗೆ ಆಡಿಟರ್ ಕಚೇರಿಯ ಆರು ವರ್ಷಗಳಲ್ಲಿ ಬಂದದ್ದು. ಇನ್‌ಸ್ಟಾಗ್ರಾಂ ಪೋಸ್ಟ್ ಮಾಡುವ ಕೆಲಸದಲ್ಲಿ ನಿಮ್ಮ ಆ ಆರು ವರ್ಷಗಳಿಗೆ ಬೆಲೆಯೇ ಇಲ್ಲ.

ವೇಳೆಯನ್ನೂ ನೋಡಿ. ನ್ಯೂಜೆರ್ಸಿಯಲ್ಲಿ ಬೆಳಗ್ಗೆ ಒಂಬತ್ತಾದಾಗ ನಿಮಗೆ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಮಗಳಿಗೆ ಊಟ ಮಾಡಿಸುವ ಹೊತ್ತು. ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ, ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಐದೂವರೆ ಗಂಟೆ ಮುಂದಿದೆ. ಮಗಳು ಶಾಲೆಗೆ ಹೋದ ಮೇಲೆ ನೀವು ಕುಳಿತರೆ ಅಲ್ಲಿ ಮಧ್ಯಾಹ್ನ. ಕೇಳಿದ್ದಕ್ಕೆ ಅಂದೇ ಉತ್ತರ ಸಿಗುತ್ತದೆ.

ಆದ್ದರಿಂದ ಲೆಕ್ಕದ ಕೆಲಸವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಆದರೆ ನಿಮ್ಮ ಯಜಮಾನರ ಎಚ್ಚರಿಕೆಯೂ ನ್ಯಾಯವಾದದ್ದೇ. ಹಿಂದೆ ನಾನೂ ಇಂಥದೇ ಕೆಲಸ ಮಾಡುತ್ತಿದ್ದಾಗ ಒಬ್ಬರೇ ಕ್ಲೈಂಟ್‌ನ ಮೇಲೆ ನಿಂತಿದ್ದೆ. ಅವರು ಒಂದು ಶುಕ್ರವಾರ ಎರಡು ಸಾಲಿನ ಇಮೇಲ್ ಬರೆದು ನಿಲ್ಲಿಸಿದಾಗ ಮುಂದಿನ ನಾಲ್ಕು ತಿಂಗಳು ಮನೆ ನಡೆಸಿದ್ದು ಹೇಗೆಂದು ಈಗಲೂ ನೆನಪಿದೆ. ಒಂದೇ ಕಂಬದ ಮೇಲೆ ಚಪ್ಪರ ಹಾಕುವುದು ಬೇರೆ, ಒಂದೇ ಬಗೆಯ ಮೂರು ನಾಲ್ಕು ಕಂಬ ನೆಡುವುದು ಬೇರೆ. ಮೆಲ್ಬರ್ನ್‌ನಂಥ ಇಬ್ಬರು ಮೂವರು ಬುಕ್‌ಕೀಪರ್‌ಗಳು ಸಿಗುವವರೆಗೆ ಟೆಕ್ಸಾಸ್ ಮತ್ತು ಮುಂಬೈ ಕೆಲಸ ಹಾಗೆಯೇ ಇರಲಿ. ಲೆಕ್ಕದ ಕೆಲಸ ವಾರಕ್ಕೆ ಆರರಿಂದ ಹನ್ನೆರಡು ಗಂಟೆಗೆ ಏರಿದ ದಿನ, ಒಂದು ತಿಂಗಳ ಮುಂಚಿತ ಸೂಚನೆ ಕೊಟ್ಟು ನ್ಯೂಜೆರ್ಸಿಯನ್ನು ಬಿಡಿ.

ಒಂದು ಗಡಿಯನ್ನು ಮಾತ್ರ ದಾಟಬೇಡಿ. ಅಲ್ಲಿನ ಜಿಎಸ್‌ಟಿ ವಿವರಪಟ್ಟಿಯನ್ನು ಹಣ ಪಡೆದು ಇನ್ನೊಬ್ಬರಿಗಾಗಿ ಸಿದ್ಧಪಡಿಸಿ ಸಲ್ಲಿಸಲು ನೋಂದಾಯಿತ ಏಜೆಂಟ್ ಆಗಿರಬೇಕೆಂದು ಆಸ್ಟ್ರೇಲಿಯಾದ 2009ರ ಕಾಯ್ದೆ ಹೇಳುತ್ತದೆ. ನೀವು ನೋಂದಾಯಿತ ಬುಕ್‌ಕೀಪರ್‌ನ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವವರು. ಒಪ್ಪಂದದಲ್ಲಿ ಹಾಗೆಂದೇ ಬರೆಸಿಕೊಳ್ಳಿ, ವ್ಯಾಪಾರಿಗಳಿಂದ ನೇರವಾಗಿ ಈ ಕೆಲಸ ಒಪ್ಪಿಕೊಳ್ಳಬೇಡಿ. ನಮ್ಮಲ್ಲಿ ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ವಿದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕ್ ಕೊಡುವ ದಾಖಲೆಗಳನ್ನು ಮಾತ್ರ ಒಂದೂ ಬಿಡದೆ ಜೋಡಿಸಿಡಿ.

ಹೊಸ ಕೆಲಸವನ್ನು ವೆಬ್‌ಸೈಟುಗಳಲ್ಲಿ ಹುಡುಕುವ ಮೊದಲು ಮೆಲ್ಬರ್ನ್‌ನವರನ್ನೇ ಕೇಳಿ. ಜುಲೈ–ಸೆಪ್ಟೆಂಬರ್ ತ್ರೈಮಾಸಿಕದ ವಿವರಪಟ್ಟಿಗೆ ಅಲ್ಲಿ ಅಕ್ಟೋಬರ್ 28 ಕೊನೆಯ ದಿನ, ಏಜೆಂಟರ ಮೂಲಕ ಸಲ್ಲಿಸುವವರಿಗೆ ಸಾಮಾನ್ಯವಾಗಿ ಇನ್ನೂ ಕೆಲವು ವಾರ ಸಿಗುತ್ತದೆ; ನವೆಂಬರ್ ಮುಗಿಯುವವರೆಗೆ ಅವರಿಗೆ ಪುರುಸೊತ್ತಿರುವುದಿಲ್ಲ. ಕ್ರಿಸ್‌ಮಸ್ ರಜೆಗೆ ಮುನ್ನ, ಡಿಸೆಂಬರ್ ಮೊದಲ ವಾರದಲ್ಲಿ ಬರೆಯಿರಿ: ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿಗಳ ರಸೀದಿ ಮತ್ತು ಬ್ಯಾಂಕ್ ತಾಳೆಯ ಕೆಲಸಕ್ಕೆ ವಾರಕ್ಕೆ ಇನ್ನೂ ಆರು ಗಂಟೆ ಬಿಡುವಿದೆ, ನಿಮ್ಮ ಪರಿಚಯದ ಬುಕ್‌ಕೀಪರ್‌ಗಳಲ್ಲಿ ಯಾರಿಗಾದರೂ ಬೇಕಾಗಿದೆಯೇ ಎಂದು. ‘ಎಲ್ಲ ಕೆಲಸವನ್ನೂ ಮಾಡುತ್ತೇನೆ’ ಎಂಬ ಸಾಲನ್ನು ಆ ಪತ್ರದಲ್ಲಿ ಸೇರಿಸಬೇಡಿ.