ಪ್ರತಿಕ್ರಿಯೆ: ಚಿಕ್ಕಪ್ಪ ಖಂಡಿತ ಓದಬಹುದು

ಬಿಎ ಅರ್ಧಕ್ಕೆ ಬಿಟ್ಟು ಸೇನೆ ಸೇರಿ, 1999ರ ಕಾರ್ಗಿಲ್ ಯುದ್ಧ ಮುಗಿಸಿ ಬಂದ ಚಿಕ್ಕಪ್ಪ ಈಗ ಚಿಂತಾಮಣಿಯಲ್ಲಿ ಮತ್ತೆ ಓದಬಹುದಾ ಅಂತ ಕೇಳಿದ್ದೀರಿ. ಖಂಡಿತ ಓದಬಹುದು. ವಯಸ್ಸಾಯ್ತು ಅನ್ನೋ ಮಾತಿಗೆ ಕಿವಿ ಕೊಡಬೇಡಿ. 1944ರಲ್ಲಿ ಅಮೆರಿಕ ಸೈನಿಕರ ಓದಿನ ಖರ್ಚು ಕೊಡುವ ಕಾನೂನು ತಂದಾಗ ಓದಿನ ಮಟ್ಟ ಕುಸಿಯುತ್ತೆ ಅಂತ ಕೆಲವು ವಿಶ್ವವಿದ್ಯಾಲಯಗಳ ಮುಖ್ಯಸ್ಥರೇ ಹೆದರಿದ್ದರು. ಆಮೇಲೆ ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜಿಗೆ ಹೋದರು, ಚೆನ್ನಾಗಿಯೂ ಓದಿದರು.

ನಾನು ತುಮಕೂರಿನಲ್ಲಿ ಪಾಠ ಮಾಡುವಾಗ ಒಬ್ಬ ಮಾಜಿ ಸೈನಿಕರು ತರಗತಿಯಲ್ಲಿದ್ದರು. ಯಾವಾಗಲೂ ಕೊನೆಯ ಬೆಂಚು, ಬೆನ್ನು ಗೋಡೆಗೆ, ಕಣ್ಣು ಬಾಗಿಲ ಮೇಲೆ. ಗಣಪತಿ ಬಿಡುವ ದಿನ ಹೊರಗೆ ಪಟಾಕಿ ಸಿಡಿದಾಗ ಅವರ ಕೈಯಲ್ಲಿದ್ದ ಪೆನ್ನು ನಡುಗಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಪಕ್ಕದ ಹುಡುಗ ಏನೂ ಕೇಳದೆ ಕಿಟಕಿ ಮುಚ್ಚಿದ. ಅಂಥ ಒಬ್ಬ ಗೆಳೆಯ ಸಿಕ್ಕರೆ ಸಾಕು ಅಲ್ವಾ?

ದಿನವೂ ಹೋಗೋದು ಕಷ್ಟ ಅಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ಮೊದಲು ಹಳೇ ಕಾಲೇಜಿನಿಂದ ಅಂಕಪಟ್ಟಿ ತರಿಸಿ. ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸ್ ನಾಲ್ಕೈದು ಜಾಸ್ತಿಯೇ ಇಟ್ಟುಕೊಳ್ಳಿ. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೂ ಒಮ್ಮೆ ಅವರ ಜೊತೆ ನೀವೇ ಹೋಗಿ ಬನ್ನಿ.