ಟ್ರಾನ್ಸಿಸ್ಟರ್ ಬದಲಿಸಿದಾಗಲೆಲ್ಲ 7 ಮೆಗಾಹರ್ಟ್ಸ್ ಆಂಪ್ಲಿಫೈಯರ್‌ನ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು) ಬದಲಾಗುತ್ತದೆ, ಇನ್‌ಪುಟ್ ಇಲ್ಲದೆಯೂ ಔಟ್‌ಪುಟ್ ಬರುತ್ತದೆ, ಯಾಕೆ?

ನಿಮ್ಮ ಸರ್ಕ್ಯೂಟ್‌ನಲ್ಲಿ ಟ್ರಾನ್ಸಿಸ್ಟರ್‌ನ ಮೂರು ಕಾಲುಗಳಲ್ಲಿ (ಎಮಿಟರ್, ಬೇಸ್, ಕಲೆಕ್ಟರ್) ಎಮಿಟರ್ ನೇರ ಗ್ರೌಂಡಿಗೆ ಹೋಗಿದೆ, ಬೇಸ್‌ಗೆ 12 ವೋಲ್ಟ್‌ನಿಂದ ಒಂದೇ ರೆಸಿಸ್ಟರ್ ಇದೆ. ತೊಂದರೆ ಅಲ್ಲೇ ಇರೋದು. ಹೀಗೆ ಕಟ್ಟಿದರೆ ಕಲೆಕ್ಟರ್ ಕರೆಂಟ್ ಪೂರ್ತಿ ಬೀಟಾ (ಬೇಸ್ ಕರೆಂಟಿನ ಎಷ್ಟು ಪಟ್ಟು ಕಲೆಕ್ಟರ್ ಕರೆಂಟ್ ಹರಿಯುತ್ತದೆ ಎಂಬ ಅಂಕಿ) ಹೇಳಿದಂತೆ ಕುಣಿಯುತ್ತದೆ. 2ಎನ್3904 ಟ್ರಾನ್ಸಿಸ್ಟರ್‌ನ ಡೇಟಾಶೀಟ್ ನೋಡಿ: 10 ಮಿಲಿಆಂಪ್‌ಗೆ ಬೀಟಾ 100ರಿಂದ 300ರವರೆಗೆ ಎಷ್ಟಾದರೂ ಇರಬಹುದು.

ಮೊದಲು ಕರೆಂಟ್ ಎಷ್ಟು ಬೇಕೆಂದು ತೀರ್ಮಾನಿಸಿ. ರಿಸೀವರ್‌ನ ಇಂಥ ಸ್ಟೇಜಿಗೆ ನಾನು 9-10 ಮಿಲಿಆಂಪ್ ಇಡುತ್ತೇನೆ. ಎಮಿಟರ್‌ಗೆ 10 ಓಮ್, ಅದರ ಕೆಳಗೆ 220 ಓಮ್ ಹಾಕಿ. ಬೇಸ್‌ಗೆ ಮೇಲಿನಿಂದ 8.2ಕೆ (ಕಿಲೋಓಮ್), ಕೆಳಗೆ 2.7ಕೆ. ಈಗ ಲೆಕ್ಕ ಹಾಕಿ: ಬೀಟಾ 100 ಇದ್ದರೆ ಎಮಿಟರ್ ಕರೆಂಟ್ ಸುಮಾರು 9.1 ಮಿಲಿಆಂಪ್, 300 ಇದ್ದರೆ 9.6. ಬೀಟಾ ಮೂರು ಪಟ್ಟಾದರೂ ಕರೆಂಟ್ ಅಲುಗಾಡಿದ್ದು ಅಷ್ಟೇ! ಈ ಲೆಕ್ಕ ನೋಡಿದಾಗ ನನಗೆ ಈಗಲೂ ಖುಷಿಯಾಗುತ್ತದೆ.

220 ಓಮ್‌ಗೆ ಮಾತ್ರ 0.1 ಮೈಕ್ರೋಫ್ಯಾರಡ್ ಬೈಪಾಸ್ ಕೆಪಾಸಿಟರ್ (ಸಿಗ್ನಲ್‌ಗೆ ಅಡ್ಡದಾರಿ) ಕೊಡಿ. 10 ಓಮ್ ಹಾಗೇ ಇರಲಿ, ಗೇನ್ ಹಿಡಿದಿಡೋದು ಅದೇ. ಟ್ರಾನ್ಸಿಸ್ಟರ್‌ನ ಒಳಗಿನ ಎಮಿಟರ್ ರೆಸಿಸ್ಟೆನ್ಸ್ 26 ಮಿಲಿವೋಲ್ಟ್ ಭಾಗಿಸು ಕರೆಂಟ್, ಅಂದರೆ ಇಲ್ಲಿ 3 ಓಮ್‌ನ ಹತ್ತಿರ. ಎರಡೂ ಸೇರಿ 13. ಕಲೆಕ್ಟರ್‌ನಲ್ಲಿ 4:1 ಇಂಪೀಡೆನ್ಸ್ (ಸಿಗ್ನಲ್‌ಗೆ ಸಿಗುವ ಒಟ್ಟು ತಡೆ) ಅನುಪಾತದ ಟ್ರಾನ್ಸ್‌ಫಾರ್ಮರ್ ಇಟ್ಟು 50 ಓಮ್ ಲೋಡ್ ಕೊಟ್ಟರೆ ಕಲೆಕ್ಟರ್‌ಗೆ ಅದು 200 ಓಮ್ ಆಗಿ ಕಾಣುತ್ತದೆ. 200 ಭಾಗಿಸು 13, ವೋಲ್ಟೇಜ್ ಗೇನ್ ಕಲೆಕ್ಟರ್‌ವರೆಗೆ ಸುಮಾರು 15. ಟ್ರಾನ್ಸ್‌ಫಾರ್ಮರ್‌ಗೆ ಎಫ್‌ಟಿ37-43 ಎಂಬ ಫೆರೈಟ್ ಉಂಗುರದ ಕೋರ್ ಮೇಲೆ ಎರಡು ತಂತಿ ಒಟ್ಟಿಗೆ ಹೊಸೆದು 10 ಸುತ್ತು ಸಾಕು.

ಇನ್ನೊಂದು ವಿಷಯ, ಇದನ್ನು ತುಂಬಾ ಜನ ಮರೆಯುತ್ತಾರೆ. ಫ್ರೀಕ್ವೆನ್ಸಿ ಏರಿದಂತೆ ಬೀಟಾ ಇಳಿಯುತ್ತದೆ. 300 ಮೆಗಾಹರ್ಟ್ಸ್ ಎಫ್‌ಟಿ (ಬೀಟಾ 1ಕ್ಕೆ ಇಳಿಯುವ ಫ್ರೀಕ್ವೆನ್ಸಿ) ಇರುವ ಟ್ರಾನ್ಸಿಸ್ಟರ್‌ಗೆ 7 ಮೆಗಾಹರ್ಟ್ಸ್‌ನಲ್ಲಿ ಉಳಿಯೋದು 43ರಷ್ಟು ಮಾತ್ರ. ಹಾಗಾಗಿ ಬೇಸ್ ಕಡೆಯಿಂದ ಕಾಣುವ ಇಂಪೀಡೆನ್ಸ್ 550 ಓಮ್‌ನ ಆಸುಪಾಸು, ಬೇಸ್‌ನ ಆ ಎರಡು ಬಯಾಸ್ (ಡಿಸಿ ಕರೆಂಟ್ ನಿಗದಿ ಮಾಡುವ) ರೆಸಿಸ್ಟರ್‌ಗಳನ್ನೂ ಸೇರಿಸಿದರೆ ಇನ್ನೂ ಕಡಿಮೆ. ಹಿಂದಿನ ಸ್ಟೇಜ್ ಇದನ್ನು ಓಡಿಸಬೇಕು, ಅಲ್ವಾ? ಡಿಸಿ ಬೀಟಾ ಇಟ್ಟುಕೊಂಡು ಲೆಕ್ಕ ಹಾಕಿದರೆ ಉತ್ತರ ದುಪ್ಪಟ್ಟಿಗಿಂತ ಜಾಸ್ತಿ ಬರುತ್ತದೆ.

ಇನ್‌ಪುಟ್ ಇಲ್ಲದೆಯೂ ಔಟ್‌ಪುಟ್ ಬರುತ್ತಿದೆ ಅಂದಿರಲ್ಲ, ಅದು ಆಸಿಲೇಶನ್, ಅಂದರೆ ಔಟ್‌ಪುಟ್ ಹಿಂದಕ್ಕೆ ನುಗ್ಗಿ ಸರ್ಕ್ಯೂಟ್ ತಾನೇ ಸಿಗ್ನಲ್ ಹುಟ್ಟಿಸೋದು. ಪ್ರತಿ ಸ್ಟೇಜಿನ ಸಪ್ಲೈ ದಾರಿಗೆ 47 ಓಮ್ ಹಾಕಿ, ಸ್ಟೇಜಿನ ಕಡೆ 0.1 ಮೈಕ್ರೋಫ್ಯಾರಡ್ ಗ್ರೌಂಡಿಗೆ ಕೊಡಿ. ತಾಮ್ರದ ಬೋರ್ಡನ್ನೇ ಗ್ರೌಂಡ್ ಮಾಡಿ, ಕೆಪಾಸಿಟರ್ ಕಾಲುಗಳನ್ನು ಆದಷ್ಟು ಗಿಡ್ಡ ಕತ್ತರಿಸಿ. ಆಮೇಲೆ ಪವರ್ ಕೊಟ್ಟು ಎಮಿಟರ್ ವೋಲ್ಟೇಜ್ ಅಳೆಯಿರಿ. 2.1ರ ಹತ್ತಿರ ಇದ್ದರೆ ಬಯಾಸ್ ಸರಿಯಿದೆ, ಸಿಗ್ನಲ್ ಕೊಡಿ.