ಇಂಗ್ಲಿಷ್‌ನ ‘ಎವರ್’, ‘ಎನಿ’ ಎಲ್ಲಿ ಬರಬಹುದು?

‘ಐ ಹ್ಯಾವ್ ಎವರ್ ಸೀನ್ ಇಟ್’ ಯಾಕೆ ತಪ್ಪು ಅಂತ ಕೇಳಿದ್ದೀರಿ. ‘ಎವರ್’, ‘ಎನಿ’ ಥರದ ಪದಗಳು ಸುಮ್ನೆ ಎಲ್ಲೆಂದರಲ್ಲಿ ಬರುವುದಿಲ್ಲ. ‘ನಾಟ್’ ಇದ್ದರೆ ಸರಿ. ಆದರೆ ‘ಇಫ್’, ‘ವಿದೌಟ್’, ‘ಹಾರ್ಡ್ಲಿ’, ‘ಫ್ಯೂ’ ಇದ್ದರೂ ನಡೆಯುತ್ತದೆ, ಪ್ರಶ್ನೆಯಲ್ಲೂ ನಡೆಯುತ್ತದೆ.

ಇವೆಲ್ಲಕ್ಕೂ ಏನು ನಂಟು? 1979ರಲ್ಲಿ ಭಾಷಾತಜ್ಞ ವಿಲಿಯಂ ಲಡುಸಾ ಕೊಟ್ಟ ವಿವರಣೆ ನನಗೆ ಜಾಸ್ತಿ ಹಿಡಿಸುತ್ತದೆ. ಇಂಥ ವಾಕ್ಯಗಳಲ್ಲಿ ದೊಡ್ಡ ಗುಂಪಿಗೆ ಹೇಳಿದ್ದು ಅದರೊಳಗಿನ ಚಿಕ್ಕ ಗುಂಪಿಗೂ ನಿಜ. ‘ನಾನು ಯಾವ ಹಕ್ಕಿಯನ್ನೂ ನೋಡಲಿಲ್ಲ’ ಅಂದರೆ ಗಿಳಿಯನ್ನೂ ನೋಡಲಿಲ್ಲ, ಅಲ್ವಾ? ‘ನಾನು ಒಂದು ಹಕ್ಕಿಯನ್ನು ನೋಡಿದೆ’ ಅಂದರೆ ಗಿಳಿಯನ್ನೇ ನೋಡಿರಬೇಕೆಂದಿಲ್ಲ. ನಿಮ್ಮ ವಾಕ್ಯವೂ ಈ ಎರಡನೇ ಥರದ್ದು, ಅದಕ್ಕೇ ಅಲ್ಲಿ ‘ಎವರ್’ ಹೊಂದುವುದಿಲ್ಲ. (ಪ್ರಶ್ನೆಗಳಿಗೆ ಈ ಸೂತ್ರ ಅಷ್ಟು ಸಲೀಸಾಗಿ ಹೊಂದುವುದಿಲ್ಲ.)

ಜಾಗವೂ ಮುಖ್ಯ. ‘ಎನಿವನ್ ಡಿಡ್ ನಾಟ್ ಕಮ್’ ತಪ್ಪು. ಸಾಮಾನ್ಯವಾಗಿ ‘ನಾಟ್’ ಮೊದಲು ಬರಬೇಕು, ‘ಎನಿ’ ಆಮೇಲೆ.